ಮೂಳೆ ಇಂಜೆಕ್ಷನ್ ಶುರು ಮಾಡುವ ಮೊದಲು ಹಲ್ಲು ತೋರಿಸಿದ್ದೀರಾ?

ಹೇಮಾವತಿ ದಡ:
ಮನೆಯಲ್ಲಿ ಯಾರಾದರೂ ಮೂಳೆ ಸವೆತಕ್ಕೋ, ಮೂಳೆಗೆ ಹರಡಿದ ಕ್ಯಾನ್ಸರಿಗೋ ಔಷಧಿ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಈ ಔಷಧಿಗಳಿಂದ ಕೆಲವರಿಗೆ ದವಡೆ ಮೂಳೆ ಸಾಯುತ್ತದೆ, ಹಲ್ಲು ಕಿತ್ತ ಗಾಯ ಮುಚ್ಚುವುದಿಲ್ಲ. ಚೀಟಿಯಲ್ಲಿ ಝೋಲೆಡ್ರೊನಿಕ್ ಆಸಿಡ್, ಅಲೆಂಡ್ರೊನೇಟ್, ಐಬ್ಯಾಂಡ್ರೊನೇಟ್, ಡೆನೊಸುಮ್ಯಾಬ್ ಅಂತ ಬರೆದಿರುತ್ತಾರೆ. ಕಂಪನಿ ಹೆಸರು ಬೇರೆ ಇರಬಹುದು, ಅದರ ಕೆಳಗೆ ಸಣ್ಣಕ್ಷರದಲ್ಲಿ ನೋಡಿ.

ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ತಿಂಗಳಿಗೊಮ್ಮೆ ಝೋಲೆಡ್ರೊನಿಕ್ ಡ್ರಿಪ್ ಹಾಕುತ್ತಿದ್ದರು. ಅದರಿಂದ ಬೆನ್ನು ನೋವು ಎಷ್ಟೋ ಕಡಿಮೆಯಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಕೆಳದವಡೆಯ ಒಂದು ಹಲ್ಲು ಅಲ್ಲಾಡತೊಡಗಿತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಕೀಳಿಸಿದರು. ಗಾಯ ಮುಚ್ಚಲೇ ಇಲ್ಲ. ವಾರಗಟ್ಟಲೆ ಕಳೆದರೂ ಹಲ್ಲಿದ್ದ ಕುಳಿಯಲ್ಲಿ ಹಳದಿ ಬಣ್ಣದ ಮೂಳೆ ಹಾಗೇ ಕಾಣುತ್ತಿತ್ತು, ಕೀವು ಬರುತ್ತಿತ್ತು, ಬಾಯಿ ವಾಸನೆಗೆ ದೊಡ್ಡಮ್ಮ ಯಾರ ಹತ್ತಿರವೂ ಮಾತಾಡುವುದನ್ನೇ ಬಿಟ್ಟರು, ಆಮೇಲೆ ಕೆಳತುಟಿ ಒಂದು ಕಡೆ ಜೋಮು ಹಿಡಿಯಿತು. ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್. ಕೊನೆಗೆ ದಂತ ಕಾಲೇಜಿನ ಓರಲ್ ಸರ್ಜರಿ ವಿಭಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ "ಮೂಳೆಗೆ ಏನಾದರೂ ಇಂಜೆಕ್ಷನ್ ತಗೊಳ್ತಿದ್ದಾರಾ?" ಎಂದು.

ಇಂಜೆಕ್ಷನ್ ಕೊಟ್ಟ ಆಸ್ಪತ್ರೆಯಲ್ಲಿ ಹಲ್ಲಿನ ಬಗ್ಗೆ ಯಾರೂ ಹೇಳಿರಲಿಲ್ಲ. ಹಲ್ಲು ಕಿತ್ತ ಕಡೆ ಇಂಜೆಕ್ಷನ್ ಬಗ್ಗೆ ಯಾರೂ ಕೇಳಿರಲಿಲ್ಲ. ಇಬ್ಬರ ನಡುವೆ ಒಂದು ಚೀಟಿ ಓಡಾಡಿದ್ದರೆ ಸಾಕಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ಇನ್ನಷ್ಟು ಹೇಳಿ.

ಕಾಫಿ ತೋಟ:
ಓದಿ ಕೈಕಾಲು ತಣ್ಣಗಾಯಿತು. ನಮ್ಮ ಅಮ್ಮನಿಗೆ ಮೂಳೆ ಸವೆತ ಅಂತ ವಾರಕ್ಕೊಂದು ಮಾತ್ರೆ ಕೊಟ್ಟಿದ್ದಾರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು ಅಂದಿದ್ದಾರೆ. ಅದೇ ಅಲ್ವಾ ಇದು? ಇವತ್ತೇ ನಿಲ್ಲಿಸಿಬಿಡಲಾ?

ದವಡೆ ಸರ್ಜನ್:
ನಿಲ್ಲಿಸಬೇಡಿ. ನಾನು ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆ ಮಾಡುವವನು, ಈ ತೊಂದರೆ ಇರುವವರನ್ನು ನೋಡುತ್ತಲೇ ಇರುತ್ತೇನೆ. ಆದರೂ ಹೇಳುತ್ತೇನೆ, ಸುಮ್ನೆ ಹೆದರಿ ಮಾತ್ರೆ ಎಸೆಯಬೇಡಿ.

ಎರಡು ಗುಂಪನ್ನು ಬೇರೆ ಮಾಡಿ ನೋಡಬೇಕು. ಮೂಳೆ ಸವೆತಕ್ಕೆ ಕೊಡುವ ಪ್ರಮಾಣ ಕಡಿಮೆ. ಅಲೆಂಡ್ರೊನೇಟ್ ವಾರಕ್ಕೆ 70 ಮಿಲಿಗ್ರಾಂ ಮಾತ್ರೆ, ಇಲ್ಲವೇ ಝೋಲೆಡ್ರೊನಿಕ್ ವರ್ಷಕ್ಕೊಮ್ಮೆ 5 ಮಿಲಿಗ್ರಾಂ. ಇವರಲ್ಲಿ ದವಡೆ ಮೂಳೆ ಸಾಯುವುದು ತೀರಾ ಅಪರೂಪ. ಅಮೆರಿಕದ ದವಡೆ ಸರ್ಜನ್‌ಗಳ ಸಂಘ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 10,000 ಜನರಲ್ಲಿ 2ರಿಂದ 5 ಮಂದಿಗೆ ಆಗಬಹುದು. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಅದೇ ಝೋಲೆಡ್ರೊನಿಕ್ 4 ಮಿಲಿಗ್ರಾಂ, ಮೂರು ನಾಲ್ಕು ವಾರಕ್ಕೊಮ್ಮೆ. ವರ್ಷಕ್ಕೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಅಲ್ಲಿ ಅಪಾಯ ನೂರಕ್ಕೆ ಐದರೊಳಗೆ ಅಂತ ಅಂದಾಜು. ಹೇಮಾವತಿಯವರ ದೊಡ್ಡಮ್ಮ ಈ ಎರಡನೇ ಗುಂಪು. ನಿಮ್ಮ ತಾಯಿ ಮೊದಲನೆಯದು.

ಇನ್ನೊಂದು ಕಡೆಯನ್ನೂ ನೋಡಿ. 2007ರಲ್ಲಿ ಹೊರಬಂದ ಹೊರೈಝನ್ ಎಂಬ ದೊಡ್ಡ ಅಧ್ಯಯನದಲ್ಲಿ 7,700ಕ್ಕೂ ಹೆಚ್ಚು ಹೆಂಗಸರು ಇದ್ದರು. ವರ್ಷಕ್ಕೊಮ್ಮೆ ಝೋಲೆಡ್ರೊನಿಕ್ ಪಡೆದವರಲ್ಲಿ ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತ ಶೇಕಡಾ 70ರಷ್ಟು, ಸೊಂಟದ ಮುರಿತ ಶೇಕಡಾ 41ರಷ್ಟು ಕಡಿಮೆಯಾಯಿತು. ದವಡೆ ತೊಂದರೆ ಔಷಧಿ ಪಡೆದವರಲ್ಲಿ ಒಬ್ಬರಿಗೆ, ಹೋಲಿಕೆಗೆಂದು ಔಷಧಿ ಇಲ್ಲದ ಖಾಲಿ ಡ್ರಿಪ್ ಪಡೆದವರಲ್ಲೂ ಒಬ್ಬರಿಗೆ. ವಯಸ್ಸಾದವರಿಗೆ ಸೊಂಟ ಮುರಿದರೆ ಹಾಸಿಗೆ ಹಿಡಿಯುತ್ತಾರೆ, ಎಷ್ಟೋ ಜನ ಮತ್ತೆ ಎದ್ದು ಓಡಾಡುವುದೇ ಇಲ್ಲ. ಅಂಥ ಮನೆ ನೋಡಿದವರಿಗೆ ಈ ಅಂಕಿಗಳ ಬೆಲೆ ಗೊತ್ತು.

ಕಾಫಿ ತೋಟ:
ಥ್ಯಾಂಕ್ಸ್ ಸರ್, ಉಸಿರು ಬಂತು. ಆದರೆ ಒಂದು ಅರ್ಥವಾಗಲಿಲ್ಲ. ಮೂಳೆ ಗಟ್ಟಿ ಮಾಡುವ ಔಷಧಿ ಮೂಳೆಯನ್ನೇ ಯಾಕೆ ಸಾಯಿಸುತ್ತದೆ? ಅದೂ ಕೈಕಾಲು ಬಿಟ್ಟು ದವಡೆಯನ್ನೇ ಯಾಕೆ?

ದವಡೆ ಸರ್ಜನ್:
ನಮ್ಮ ಮೂಳೆ ಯಾವಾಗಲೂ ರಿಪೇರಿಯಲ್ಲಿರುವ ಹಳೇ ಮನೆ ಇದ್ದಂತೆ. ಒಂದು ತಂಡ ಹಳೆಯದನ್ನು ಕೆಡವುತ್ತದೆ, ಅದರ ಹಿಂದೆಯೇ ಇನ್ನೊಂದು ತಂಡ ಹೊಸದನ್ನು ಕಟ್ಟುತ್ತದೆ. ಕೆಡವುವ ಕಣಗಳಿಗೆ ಆಸ್ಟಿಯೋಕ್ಲಾಸ್ಟ್ ಅಂತ ಹೆಸರು. ವಯಸ್ಸಾದಂತೆ, ಅದರಲ್ಲೂ ಹೆಂಗಸರಿಗೆ ಮುಟ್ಟು ನಿಂತ ಮೇಲೆ, ಕೆಡವುವುದೇ ಜಾಸ್ತಿಯಾಗುತ್ತದೆ. ಈ ಔಷಧಿಗಳು ಆ ಕಣಗಳನ್ನು ತಡೆಯುತ್ತವೆ. ಮೂಳೆ ಉಳಿಯುತ್ತದೆ. ಆದರೆ ಪೆಟ್ಟು ಬಿದ್ದ, ಸೋಂಕು ತಗುಲಿದ ಮೂಳೆಯನ್ನು ಒಡೆದು ತೆಗೆಯುವ ಕೆಲಸವೂ ಅದೇ ಕಣಗಳದ್ದು. ಅವು ಸುಮ್ಮನಾದರೆ ಕೆಟ್ಟ ಮೂಳೆ ಅಲ್ಲೇ ಉಳಿಯುತ್ತದೆ, ಹೊಸದು ಕಟ್ಟುವ ಕೆಲಸವೂ ನಿಲ್ಲುತ್ತದೆ.

ದವಡೆಯೇ ಯಾಕೆ ಅನ್ನುವುದಕ್ಕೆ ಇನ್ನೂ ಸಂಶೋಧನೆ ನಡೆಯುತ್ತಿದೆ. ಮೂರು ಕಾರಣ ಸಾಮಾನ್ಯವಾಗಿ ಹೇಳುತ್ತಾರೆ. ಹಲ್ಲಿನ ಸುತ್ತಲ ಮೂಳೆ ಬೇರೆ ಮೂಳೆಗಿಂತ ಬೇಗ ಬೇಗ ಬದಲಾಗುತ್ತದೆ, ಹಾಗಾಗಿ ಔಷಧಿಯ ಪರಿಣಾಮ ಅಲ್ಲಿ ಎದ್ದು ಕಾಣುತ್ತದೆ. ಅದರ ಮೇಲಿನ ವಸಡು ತೀರಾ ತೆಳು. ಬಾಯಿ ತುಂಬಾ ಬ್ಯಾಕ್ಟೀರಿಯಾ ಇರುತ್ತದೆ, ಹುಳುಕು ಹಲ್ಲು, ಕೀವುಗಟ್ಟಿದ ವಸಡು ಇದ್ದರೆ ಅದು ನೇರ ಮೂಳೆಗೇ ಇಳಿಯುತ್ತದೆ. ಕೆಳದವಡೆಗೆ ಮೇಲ್ದವಡೆಗಿಂತ ಜಾಸ್ತಿ ಬರುತ್ತದೆ.

ಹೇಮಾವತಿಯವರ ದೊಡ್ಡಮ್ಮನ ಹಲ್ಲು ಕಿತ್ತಿದ್ದೇ ತಪ್ಪು ಅಂತಲೂ ಹೇಳಲಾಗದು. ಹಲ್ಲು ಅಲ್ಲಾಡುತ್ತಿತ್ತು ಅಂದರೆ ಒಳಗೆ ಸೋಂಕು ಮೊದಲೇ ಇದ್ದಿರಬಹುದು. ಎಷ್ಟೋ ಸಲ ಕೀಳುವುದಕ್ಕೆ ಮೊದಲೇ ಮೂಳೆ ಕೆಟ್ಟಿರುತ್ತದೆ, ಹಲ್ಲು ಕಿತ್ತ ಮೇಲೆ ಕಣ್ಣಿಗೆ ಬೀಳುತ್ತದೆ ಅಷ್ಟೇ.

ಹಳೇ ಪುಟ:
ಈ ಕಾಯಿಲೆಗೆ ಒಂದು ಹಳೆಯ ಅಣ್ಣ ಇದ್ದಾನೆ, ಅದನ್ನು ಇಲ್ಲಿ ಹೇಳಲೇಬೇಕು. ಬೆಂಕಿಕಡ್ಡಿ ಕಾರ್ಖಾನೆಯ ಕೆಲಸಗಾರರ ದವಡೆ ಹೀಗೇ ಕೊಳೆಯುತ್ತಿತ್ತು. ಮೊದಲ ವೈದ್ಯಕೀಯ ವರದಿ ವಿಯೆನ್ನಾದ ಲೊರಿನ್ಸರ್ ಎಂಬ ವೈದ್ಯರದ್ದು, 1845ರಲ್ಲಿ. ಕಡ್ಡಿ ತುದಿಗೆ ಬಿಳಿ ರಂಜಕ (ಫಾಸ್ಫರಸ್) ಹಾಕುತ್ತಿದ್ದರು. ಅದರ ಹೊಗೆಯಲ್ಲಿ ವರ್ಷಗಟ್ಟಲೆ ಕೂತ ಹೆಣ್ಣುಮಕ್ಕಳಿಗೆ ಮೊದಲು ಹಲ್ಲು ನೋವು, ಆಮೇಲೆ ಕೀವು, ಆಮೇಲೆ ಮೂಳೆ ತುಂಡು ತುಂಡಾಗಿ ಬೀಳುವುದು. ಹೇಮಾವತಿಯವರು ಬರೆದ ವಾಸನೆಯ ಮಾತು ಓದಿದಾಗ ನನಗೆ ಅದೇ ನೆನಪಾಯಿತು. ಆ ಕಾಲದ ಬರಹಗಳಲ್ಲೂ ವಾಸನೆಯ ಕಾರಣಕ್ಕೆ ರೋಗಿಗಳು ಮನೆಯವರಿಂದಲೂ ದೂರವಾದ ವಿಷಯ ಬರುತ್ತದೆ.

1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1,400 ಮಂದಿ, ಬಹುಪಾಲು ಹುಡುಗಿಯರು, ಕೆಲಸ ಬಿಟ್ಟು ಹೊರಗೆ ಬಂದರು. ಅವರ ಪಾಡನ್ನು ಪತ್ರಿಕೆಯಲ್ಲಿ ಬರೆದು ಹೊರಗೆಳೆದವರು ಆನಿ ಬೆಸೆಂಟ್. ಹೌದು, ಆಮೇಲೆ ಭಾರತಕ್ಕೆ ಬಂದು ಹೋಂ ರೂಲ್ ಚಳವಳಿ ನಡೆಸಿ, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದವರು, ಮಂಗಳೂರಿನಲ್ಲಿ ಯಾರ ಹೆಸರಿನ ಶಾಲೆ ಕಾಲೇಜು ಇವೆಯೋ ಅವರೇ. 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಬಿಳಿ ರಂಜಕದ ಕಡ್ಡಿ ನಿಷೇಧಿಸುವ ಒಪ್ಪಂದ ಮಾಡಿಕೊಂಡವು. ನಮ್ಮಲ್ಲಿ 1913ರಲ್ಲಿ ಕಾಯಿದೆ ಬಂತು. ರೋಗ ಹೆಚ್ಚು ಕಡಿಮೆ ಮಾಯವಾಯಿತು.

ಆಮೇಲೆ 2003ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾರ್ಕ್ಸ್ ಎಂಬ ಸರ್ಜನ್ 36 ರೋಗಿಗಳ ಬಗ್ಗೆ ಒಂದು ಪತ್ರ ಬರೆದರು. ಎಲ್ಲರ ದವಡೆ ಮೂಳೆಯೂ ಹೊರಗೆ ಕಾಣುತ್ತಿತ್ತು. ಎಲ್ಲರೂ ಪಾಮಿಡ್ರೊನೇಟ್ ಅಥವಾ ಝೋಲೆಡ್ರೊನಿಕ್ ತೆಗೆದುಕೊಂಡಿದ್ದರು. ಇವು ಬಿಸ್‌ಫಾಸ್ಫೊನೇಟ್ ಜಾತಿಯವು, ಮೇಲೆ ಹೇಳಿದ ಅಲೆಂಡ್ರೊನೇಟ್ ಕೂಡ ಅದೇ ಜಾತಿ, ರಂಜಕ ಅವುಗಳ ಒಳಗೂ ಇದೆ. ಕಾರ್ಖಾನೆಯ ಹೊಗೆ ದೇಹದೊಳಗೆ ಹೋಗಿ ಇಂಥದ್ದೇ ವಸ್ತುವಾಗಿ ಬದಲಾಗುತ್ತಿತ್ತೇನೋ ಅಂತ ಕೆಲವು ಸಂಶೋಧಕರು ಊಹೆ ಮುಂದಿಟ್ಟರು. ಊಹೆಯೇ ಸರಿ, ಆದರೆ ಎರಡು ರೋಗ ಅಕ್ಕಪಕ್ಕ ಇಟ್ಟು ನೋಡಿದರೆ ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಔಷಧಿ ಅಂಗಡಿ:
ಬಿಸ್‌ಫಾಸ್ಫೊನೇಟ್ ಔಷಧಿಯಾದ ಕಥೆಯೂ ಚೆನ್ನಾಗಿದೆ. ಇಂಥ ಫಾಸ್ಫೇಟ್ ವಸ್ತುಗಳನ್ನು ನೀರಿನ ಕೊಳವೆಯಲ್ಲಿ ಸುಣ್ಣ ಕಟ್ಟದಂತೆ ಬಳಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಇವು ಮೂಳೆಗೆ ಅಂಟಿಕೊಂಡು ಸವೆತ ತಡೆಯುತ್ತವೆ ಅಂತ ತೋರಿಸಿದರು. ಅಂಟಿಕೊಳ್ಳುವುದು ಅನ್ನುವುದನ್ನು ಗಮನಿಸಿ. ಒಮ್ಮೆ ಮೂಳೆ ಸೇರಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತವೆ. "ಆ ಮಾತ್ರೆ ಬಿಟ್ಟು ಒಂದು ವರ್ಷ ಆಯ್ತು" ಅಂತ ಹಲ್ಲಿನ ಡಾಕ್ಟರಿಗೆ ಹೇಳದೇ ಇರುವವರಿದ್ದಾರೆ. ಬಿಟ್ಟಿದ್ದರೂ ಹೇಳಬೇಕು.

ಕೌಂಟರಿನಲ್ಲಿ ನಾನು ಕಾಣುವ ಇನ್ನೊಂದು ವಿಷಯ. ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಜನರ ನೆನಪಿನಲ್ಲೇ ಇರುವುದಿಲ್ಲ. "ಏನು ಔಷಧಿ ತಗೊಳ್ತೀರಾ" ಅಂದರೆ ಬಿಪಿ ಮಾತ್ರೆ, ಶುಗರ್ ಮಾತ್ರೆ ಅಂತ ಹೇಳುತ್ತಾರೆ. ಇಂಜೆಕ್ಷನ್ ಅವರ ಲೆಕ್ಕಕ್ಕೆ ಔಷಧಿಯೇ ಅಲ್ಲ. ಅದಕ್ಕೇ ಡೆಂಟಿಸ್ಟ್‌ಗಳು ಮಾತ್ರೆ ಬೇರೆ, ಇಂಜೆಕ್ಷನ್ ಬೇರೆ ಕೇಳಬೇಕು.

ನ್ಯೂಜೆರ್ಸಿ ಕನ್ನಡತಿ:
ನಮ್ಮಮ್ಮ ಮೈಸೂರಿನಲ್ಲಿದ್ದಾರೆ. ಮೂಳೆ ಸವೆತಕ್ಕೆ ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಹಾಕಿಸುತ್ತಾರೆ. ಮುಂದಿನದು ಸದ್ಯದಲ್ಲೇ ಇದೆ. ಒಂದು ದವಡೆ ಹಲ್ಲು ಪೂರ್ತಿ ಹುಳುಕಾಗಿದೆ, ಕೀಳಬೇಕು ಅಂತಿದ್ದಾರೆ. ಇದನ್ನು ಓದಿದ ಅಣ್ಣ "ಇಂಜೆಕ್ಷನ್ ಬಿಟ್ಟುಬಿಡೋಣ" ಅನ್ನುತ್ತಿದ್ದಾನೆ. ಸರ್, ಏನು ಮಾಡಲಿ?

ದವಡೆ ಸರ್ಜನ್:
ಮೇಡಂ, ಡೆನೊಸುಮ್ಯಾಬ್ ವಿಷಯದಲ್ಲಿ ಬಿಟ್ಟುಬಿಡುವುದು ಇನ್ನೂ ಅಪಾಯ. ಅದು ಬಿಸ್‌ಫಾಸ್ಫೊನೇಟ್ ಥರ ಮೂಳೆಯಲ್ಲಿ ಕೂರುವುದಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಪರಿಣಾಮ ಇಳಿಯುತ್ತದೆ, ಆಮೇಲೆ ಅಷ್ಟು ದಿನ ತಡೆದಿಟ್ಟ ಸವೆತ ಒಮ್ಮೆಗೇ ನುಗ್ಗುತ್ತದೆ. ಬದಲಿ ಔಷಧಿ ಕೊಡದೆ ನಿಲ್ಲಿಸಿದ ಕೆಲವರಿಗೆ ಬೆನ್ನುಮೂಳೆ ಒಂದರ ಹಿಂದೆ ಒಂದು ಮುರಿದದ್ದು ದಾಖಲಾಗಿದೆ. ನಿಮ್ಮ ಅಣ್ಣನಿಗೆ ಇದನ್ನು ತೋರಿಸಿ.

ಆದರೆ ಇದರಲ್ಲಿ ಒಂದು ಅನುಕೂಲವೂ ಇದೆ. ಪರಿಣಾಮ ಇಳಿಯುವುದರಿಂದ ಹಲ್ಲು ಕೀಳಲು ಸಮಯ ಆರಿಸಿಕೊಳ್ಳಬಹುದು. ಕೊನೆಯ ಇಂಜೆಕ್ಷನ್ ಆಗಿ ಮೂರು ನಾಲ್ಕು ತಿಂಗಳ ನಂತರ ಕಿತ್ತು, ಆರರಿಂದ ಎಂಟು ವಾರ ಗಾಯ ಮಾಯಲು ಬಿಟ್ಟು, ಮುಂದಿನದನ್ನು ಸಮಯಕ್ಕೆ ಹಾಕಿಸಬಹುದು. ನಿಮ್ಮ ತಾಯಿಗೆ ಸರದಿ ಹತ್ತಿರ ಬಂದಿದೆ ಅಂದಿರಿ. ಹಾಗಾದರೆ ಹಲ್ಲಿನ ಕೆಲಸ ಈ ವಾರವೇ ಮಾಡಿಸಿ, ಇಂಜೆಕ್ಷನ್ ಕೆಲವೇ ವಾರ ಮುಂದೆ ಹಾಕಬಹುದಾ ಅಂತ ಮೂಳೆ ಡಾಕ್ಟರನ್ನು ಕೇಳಿ. ತಿಂಗಳಿಗಿಂತ ಜಾಸ್ತಿ ತಡ ಮಾಡುವುದು ಒಳ್ಳೆಯದಲ್ಲ. ಕೊನೆಯ ತೀರ್ಮಾನ ಅವರದ್ದು, ಏಕೆಂದರೆ ತಾಯಿಯವರ ಮುರಿತದ ಅಪಾಯ ಎಷ್ಟು ಅನ್ನುವುದು ಅವರಿಗೆ ಗೊತ್ತು.

ಇನ್ನೊಂದು ಪ್ರಶ್ನೆ ಕೇಳಿ ನೋಡಿ: ಕೀಳಲೇಬೇಕಾ? ಬೇರು ಗಟ್ಟಿಯಿದ್ದರೆ ರೂಟ್ ಕೆನಾಲ್ ಮಾಡಿ ಉಳಿಸಿಕೊಳ್ಳಬಹುದು. ಮೇಲಿನ ಭಾಗ ಹಾಳಾಗಿದ್ದರೂ ಬೇರನ್ನು ಶುದ್ಧ ಮಾಡಿ, ಮುಚ್ಚಿ, ಅಲ್ಲೇ ಬಿಡುವ ದಾರಿಯೂ ಇದೆ. ಉಳಿಸಲಾಗದ, ಕೀವು ತುಂಬಿದ ಹಲ್ಲಾದರೆ ಹೆದರಿ ಇಟ್ಟುಕೊಳ್ಳಬಾರದು. ಆ ಸೋಂಕೇ ದೊಡ್ಡ ಅಪಾಯ. ಕಿತ್ತ ಮೇಲೆ ಮೂಳೆಯ ಚೂಪು ಅಂಚು ನಯ ಮಾಡಿ, ವಸಡು ಎಳೆದು ಹೊಲಿಗೆ ಹಾಕಿ, ಕ್ರಿಮಿ ಕೊಲ್ಲುವ ದ್ರವವಾದ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಪೂರ್ತಿ ಮುಚ್ಚುವವರೆಗೆ ಕರೆದು ನೋಡಬೇಕು.

ತುಂಗಾ ಪಾನ:
ನಮ್ಮ ತಂದೆಗೆ ಗಂಟಲು ಕ್ಯಾನ್ಸರ್, ರೇಡಿಯೇಷನ್ ಆಗಿದೆ. ಅವರಿಗೂ ಹಲ್ಲು ಕೀಳಬೇಡಿ ಅಂದಿದ್ದಾರೆ. ಇದೂ ಅದೇನಾ?

ದವಡೆ ಸರ್ಜನ್:
ಕಣ್ಣಿಗೆ ಒಂದೇ ಥರ ಕಂಡರೂ ಬೇರೆ. ರೇಡಿಯೇಷನ್ ಬಿದ್ದ ಜಾಗದಲ್ಲಿ ರಕ್ತನಾಳಗಳು ಸೊರಗಿ ಮೂಳೆಗೆ ರಕ್ತ ಸಾಲುವುದಿಲ್ಲ. ದವಡೆಗೆ ರೇಡಿಯೇಷನ್ ಆಗಿದ್ದರೆ ನಾವು ಅದನ್ನು ಔಷಧಿಯ ತೊಂದರೆ ಅಂತ ಕರೆಯುವುದೇ ಇಲ್ಲ. ಔಷಧಿಯಿಂದ ಆಗಿದ್ದು ಅನ್ನಲು ಆ ಔಷಧಿ ತೆಗೆದುಕೊಂಡಿರಬೇಕು, 8 ವಾರ ಕಳೆದರೂ ಮೂಳೆ ಮುಚ್ಚಿರಬಾರದು, ದವಡೆಗೆ ರೇಡಿಯೇಷನ್ ಆಗಿರಬಾರದು, ಕ್ಯಾನ್ಸರ್ ದವಡೆಗೇ ಹರಡಿರಬಾರದು. ನಿಮ್ಮ ತಂದೆಯ ಹಲ್ಲು ಯಾವುದೇ ಇರಲಿ, ರೇಡಿಯೇಷನ್ ಕೊಟ್ಟ ಡಾಕ್ಟರ್ ದವಡೆಯ ಯಾವ ಭಾಗಕ್ಕೆ ಎಷ್ಟು ಕೊಟ್ಟಿದ್ದಾರೆ ಅನ್ನುವ ಕಾಗದ ತಂದ ಮೇಲೆಯೇ ಮುಟ್ಟಬೇಕು.

ಬೆಳವಲ:
ತಡೆಯಬಹುದು ಅಂತ ಎಲ್ಲರೂ ಹೇಳುತ್ತೀರಿ. ಇಂಜೆಕ್ಷನ್‌ಗೆ ಮೊದಲು ಹಲ್ಲು ತೋರಿಸಿದರೆ ನಿಜವಾಗಿ ಕಡಿಮೆಯಾಗುತ್ತದೆ ಅಂತ ಯಾರಾದರೂ ಅಳೆದು ನೋಡಿದ್ದಾರಾ? ಕ್ಯಾನ್ಸರ್ ಮನೆಯಲ್ಲಿ ಮೊದಲೇ ಸಾವಿರ ಓಡಾಟ ಇರುತ್ತದೆ. ನಮ್ಮ ಕಡೆ ಹಳ್ಳಿಯಿಂದ ಪೇಟೆಗೆ ಇನ್ನೊಂದು ಸಲ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ಸುಮ್ನೆ ಹೋಗಿ ಅನ್ನಲಾಗದು.

ದವಡೆ ಸರ್ಜನ್:
ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅಳೆದಿದ್ದಾರೆ. ಇಟಲಿಯ ಮಿಲಾನಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮೂಳೆಗೆ ಹರಡಿದವರಿಗೆ ಔಷಧಿ ಶುರು ಮಾಡುವ ಮೊದಲು ಹಲ್ಲು ಪರೀಕ್ಷೆ ಮಾಡುವ ಪದ್ಧತಿ ತಂದರು. 2009ರಲ್ಲಿ ಅದರ ಫಲ ಪ್ರಕಟವಾಯಿತು. ಪದ್ಧತಿ ತರುವ ಮೊದಲು ಶೇಕಡಾ 3.2 ಜನರಿಗೆ ಈ ತೊಂದರೆ ಆಗಿತ್ತು, ತಂದ ಮೇಲೆ ಶೇಕಡಾ 1.3ಕ್ಕೆ ಇಳಿಯಿತು. ಮಾಡಿದ್ದು ಏನು? ಬಾಯಿ ನೋಡಿದ್ದು, ಎಕ್ಸ್‌ರೇ ತೆಗೆದದ್ದು, ಕೆಟ್ಟ ಹಲ್ಲನ್ನು ಮೊದಲೇ ತೆಗೆದದ್ದು, ವಸಡು ಕ್ಲೀನ್ ಮಾಡಿದ್ದು. ಹೊಸ ಯಂತ್ರ, ಹೊಸ ಔಷಧಿ ಏನೂ ಇಲ್ಲ.

ಓಡಾಟದ ವಿಷಯಕ್ಕೆ ಇನ್ನೊಂದು ಉಪಯೋಗದ ಮಾತು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 1,822 ರೋಗಿಗಳನ್ನು ಎರಡು ಗುಂಪು ಮಾಡಿ, ಝೋಲೆಡ್ರೊನಿಕ್ ಅನ್ನು ಅರ್ಧ ಜನಕ್ಕೆ 4 ವಾರಕ್ಕೊಮ್ಮೆ, ಉಳಿದವರಿಗೆ 12 ವಾರಕ್ಕೊಮ್ಮೆ ಕೊಟ್ಟರು. ಎರಡು ವರ್ಷದಲ್ಲಿ ಮೂಳೆ ಮುರಿತ ಮುಂತಾದ ತೊಂದರೆಯಲ್ಲಿ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ. ಹಾಗಾಗಿ "ನಮ್ಮವರಿಗೆ ಮೂರು ತಿಂಗಳಿಗೊಮ್ಮೆ ಸಾಕಾಗುತ್ತದಾ" ಅಂತ ಕ್ಯಾನ್ಸರ್ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ. ಔಷಧಿಯೂ ಕಡಿಮೆ, ಬಸ್ ಚಾರ್ಜೂ ಕಡಿಮೆ.

ಬೆಳವಲ:
ಇದು ಕೇಳಿ ಖುಷಿಯಾಯಿತು. ಹಾಗಾದರೆ ಡ್ರಿಪ್ ಹಾಕುವ ಆಸ್ಪತ್ರೆಯಲ್ಲೇ ಒಬ್ಬ ದಂತ ವೈದ್ಯರು ಅದೇ ದಿನ ಬಾಯಿ ನೋಡುವಂತಿರಬೇಕು. ರೋಗಿಯನ್ನು ಅಲೆಸುವ ಬದಲು ಡಾಕ್ಟರನ್ನು ಒಂದು ಮಹಡಿ ಇಳಿಸಿದರೆ ಆಯ್ತು. ಕರ್ನಾಟಕದಲ್ಲಿ ದಂತ ಕಾಲೇಜುಗಳಿಗೆ ಬರವಿಲ್ಲ. ಪ್ರತಿ ಕಾಲೇಜು ಹತ್ತಿರದ ಕ್ಯಾನ್ಸರ್ ವಾರ್ಡಿಗೆ ವಾರಕ್ಕೊಂದು ದಿನ ಹುಡುಗರನ್ನು ಕಳಿಸಬಹುದು. ಇದನ್ನು ಕೇಳುವುದು ಜಾಸ್ತಿ ಕೇಳಿದಂತೆ ಅಂತ ನನಗೆ ಅನಿಸುವುದಿಲ್ಲ.

ಹೇಮಾವತಿ ದಡ:
ಬೆಳವಲ ಅವರೇ, ನೂರಕ್ಕೆ ನೂರು ಒಪ್ಪುತ್ತೇನೆ.

ದೊಡ್ಡಮ್ಮನ ಬಗ್ಗೆ ಮೆಸೇಜ್‌ನಲ್ಲಿ ಕೇಳಿದವರಿಗೆಲ್ಲ ಇಲ್ಲೇ ಹೇಳುತ್ತೇನೆ. ಓಪಿಜಿ ತೆಗೆದರು, ಅಂದರೆ ಇಡೀ ದವಡೆಯ ಎಕ್ಸ್‌ರೇ, ಆಮೇಲೆ ಸಿಬಿಸಿಟಿ ಎಂಬ ದವಡೆಯ ಮೂರು ಆಯಾಮದ ಸ್ಕ್ಯಾನ್. ಸತ್ತ ಮೂಳೆ ಎಲ್ಲಿಯವರೆಗೆ ಇದೆ ಅಂತ ಅದರಲ್ಲಿ ಗೊತ್ತಾಯಿತು. ಎರಡನೇ ಹಂತ ಅಂದರು, ಅಂದರೆ ಮೂಳೆ ಕಾಣುತ್ತಿದೆ, ನೋವು ಕೀವು ಇದೆ, ಆದರೆ ದವಡೆ ಮುರಿದಿಲ್ಲ, ಕೆನ್ನೆಯಿಂದ ಹೊರಗೆ ರಂಧ್ರ ಬಿದ್ದಿಲ್ಲ. ಮೊದಲು ಬಾಯಿ ತೊಳೆಯುವುದು, ಆಂಟಿಬಯಾಟಿಕ್ ಕೊಟ್ಟು ಸೋಂಕು ಇಳಿಸಿದರು. ಆಮೇಲೆ ಸತ್ತ ಭಾಗ ತೆಗೆದು, ರಕ್ತ ಬರುವ ಒಳ್ಳೆಯ ಮೂಳೆ ಸಿಗುವವರೆಗೆ ಕೆರೆದು, ವಸಡು ಎಳೆದು ಮುಚ್ಚಿದರು. ಸದ್ಯಕ್ಕೆ ಮುಚ್ಚಿಕೊಂಡಿದೆ. ತುಟಿಯ ಜೋಮು ಹಾಗೇ ಇದೆ. ಅದು ಪೂರ್ತಿ ಹೋಗುತ್ತದೆ ಅಂತ ಅವರು ಭರವಸೆ ಕೊಟ್ಟಿಲ್ಲ.

ಸರ್, ಟೆರಿಪ್ಯಾರಟೈಡ್ ಎಂಬ ಇಂಜೆಕ್ಷನ್ ಇದಕ್ಕೆ ಒಳ್ಳೆಯದು ಅಂತ ಎಲ್ಲೋ ಓದಿದೆ. ದೊಡ್ಡಮ್ಮನಿಗೆ ಕೊಡಬಹುದಿತ್ತಾ?

ದವಡೆ ಸರ್ಜನ್:
ಸರಿಯಾದ ದಾರಿಯಲ್ಲೇ ಹೋಗಿದ್ದಾರೆ. ಮೊದಲೆಲ್ಲ ಸಣ್ಣ ಹಂತದಲ್ಲಿ ಕತ್ತರಿ ಹಾಕಬೇಡಿ, ಬರೀ ಬಾಯಿ ತೊಳೆದು ಕಾಯಿರಿ ಅನ್ನುತ್ತಿದ್ದರು. ಈಗ ಅಭಿಪ್ರಾಯ ಬದಲಾಗಿದೆ, ಸೂಕ್ತ ರೋಗಿಗಳಲ್ಲಿ ಯಾವ ಹಂತದಲ್ಲಾದರೂ ಶಸ್ತ್ರಚಿಕಿತ್ಸೆ ಮಾಡಬಹುದು, ಫಲ ಚೆನ್ನಾಗಿದೆ ಅಂತ 2022ರ ಮಾರ್ಗಸೂಚಿಯೇ ಹೇಳುತ್ತದೆ.

ಟೆರಿಪ್ಯಾರಟೈಡ್ ಹೊಸ ಮೂಳೆ ಕಟ್ಟುವ ಔಷಧಿ. ಆಸ್ಟ್ರೇಲಿಯಾದಲ್ಲಿ 34 ಜನರ ಮೇಲೆ 8 ವಾರ ಪ್ರಯೋಗ ಮಾಡಿ 2020ರಲ್ಲಿ ಪ್ರಕಟಿಸಿದರು, ಗಾಯ ಮಾಯುವುದು ಅದರಲ್ಲಿ ಉತ್ತಮವಾಗಿತ್ತು. ಅಧ್ಯಯನ ಚಿಕ್ಕದು. ಮೂಳೆ ಸವೆತದ ರೋಗಿಗಳಲ್ಲಿ ನಾವು ಯೋಚಿಸುತ್ತೇವೆ. ಆದರೆ ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಈ ಔಷಧಿ ಕೊಡುವುದಿಲ್ಲ. ದೊಡ್ಡಮ್ಮನಿಗೆ ಕೊಡದೇ ಇದ್ದದ್ದೇ ಸರಿ.

ನ್ಯೂಜೆರ್ಸಿ ಕನ್ನಡತಿ:
ಅಮ್ಮನ ಇಬ್ಬರೂ ಡಾಕ್ಟರ್ ಫೋನಿನಲ್ಲಿ ಮಾತಾಡಿಕೊಂಡರು. ರೂಟ್ ಕೆನಾಲ್ ಸಾಧ್ಯ ಅಂತಾಯಿತು, ಇಂಜೆಕ್ಷನ್ ಸಮಯಕ್ಕೇ ಹಾಕುತ್ತಾರೆ. ಅಮ್ಮನ ಕೈಯಲ್ಲಿ ಒಂದು ಚೀಟಿ ಇಟ್ಟಿರಬೇಕು ಅನಿಸಿದೆ. ಏನೇನು ಬರೆಯಲಿ?

ಔಷಧಿ ಅಂಗಡಿ:
ನಾನು ನಮ್ಮ ಗಿರಾಕಿಗಳಿಗೆ ಬರೆದುಕೊಡುವುದು ಹೀಗೆ: "ನನಗೆ ಮೂಳೆಗೆ ಡೆನೊಸುಮ್ಯಾಬ್ 60 ಮಿಲಿಗ್ರಾಂ ಇಂಜೆಕ್ಷನ್ ಕೊಡುತ್ತಿದ್ದಾರೆ. ಶುರುವಾದ ತಿಂಗಳು ಇದು, ಕೊನೆಯದು ಹಾಕಿದ ದಿನ ಇದು. ಹಲ್ಲು ಕೀಳುವ ಮೊದಲು ಈ ಡಾಕ್ಟರಿಗೆ ಫೋನ್ ಮಾಡಿ." ಕೆಳಗೆ ನಂಬರ್. ಸ್ಟೆರಾಯ್ಡ್ ಮಾತ್ರೆ, ಶುಗರ್ ಇದ್ದರೆ ಅದನ್ನೂ ಸೇರಿಸಿ. ಚೀಟಿಯನ್ನು ಆಧಾರ್ ಕಾರ್ಡಿನ ಕವರಿನಲ್ಲೇ ಇಡಿ, ಆಸ್ಪತ್ರೆಗೆ ಹೋಗುವಾಗ ಅದನ್ನಂತೂ ಒಯ್ಯುತ್ತಾರೆ.

ಕಾಫಿ ತೋಟ:
ನಾನೂ ಇವತ್ತೇ ಬರೆದೆ. ಕೊನೆಯದಾಗಿ ಒಂದು ಪ್ರಶ್ನೆ ಸರ್. ಅಮ್ಮ ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಹಾಕುವ ಹಲ್ಲು, ಹಾಕಿಸಿಕೊಳ್ಳಬೇಕು ಅಂತಿದ್ದಾರೆ. ಮಾತ್ರೆ ನುಂಗುವವರು ಹಾಕಿಸಬಹುದಾ? ಸೆಟ್ ಹಲ್ಲಾದರೆ ಭಯವಿಲ್ಲ ಅಲ್ವಾ?

ದವಡೆ ಸರ್ಜನ್:
ಮೂಳೆ ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುವವರು ಹಾಕಿಸಬಹುದು. ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ, ಶುಗರ್ ಇದೆಯಾ, ಸ್ಟೆರಾಯ್ಡ್ ಇದೆಯಾ ಅಂತ ನೋಡಿ, ಅಪಾಯವನ್ನು ಮೊದಲೇ ಹೇಳಿ ಒಪ್ಪಿಗೆ ಪಡೆದು ಮಾಡುತ್ತೇವೆ. ಹಾಕಿದ ಮೇಲೆ ಆರು ತಿಂಗಳಿಗೊಮ್ಮೆ ತೋರಿಸುವುದು ತಪ್ಪಬಾರದು. ಕ್ಯಾನ್ಸರಿಗೆ ಡ್ರಿಪ್ ತೆಗೆದುಕೊಳ್ಳುವವರಿಗೆ ಮಾತ್ರ ಇಂಪ್ಲಾಂಟ್ ಬೇಡ ಅನ್ನುತ್ತೇವೆ.

ಸೆಟ್ ಹಲ್ಲಿನಲ್ಲಿ ಭಯವೇ ಇಲ್ಲ ಅನ್ನಲಾಗದು. ಸಡಿಲವಾದ ಸೆಟ್ ಒಂದೇ ಜಾಗಕ್ಕೆ ಉಜ್ಜಿ ಉಜ್ಜಿ ವಸಡು ಹರಿದು, ಅಲ್ಲಿಂದಲೇ ಮೂಳೆ ಕಾಣಿಸಿಕೊಂಡವರಿದ್ದಾರೆ. ಹುಣ್ಣಾದರೆ ಸೆಟ್ ತೆಗೆದಿಟ್ಟು ಅಳತೆ ಸರಿ ಮಾಡಿಸಿ. ರಾತ್ರಿ ತೆಗೆದು ನೀರಿನಲ್ಲಿಡಿ. ಎರಡು ವಾರದಲ್ಲಿ ಹುಣ್ಣು ಹೋಗದಿದ್ದರೆ ಚೀಟಿ ಹಿಡಿದುಕೊಂಡು ದಂತ ಕಾಲೇಜಿಗೆ ಬನ್ನಿ. ಬೆಂಗಳೂರಿನವರಾದರೆ ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲೇ ಸರ್ಕಾರಿ ದಂತ ಕಾಲೇಜು ಇದೆ. ಅಲ್ಲಿ ಓರಲ್ ಸರ್ಜರಿ ಒಪಿಡಿ ಎಲ್ಲಿ ಅಂತ ಕೇಳಿ.